ಪೆಟ್ಟಿಗೆಗೆ ಇಪ್ಪತ್ತು ಮಂದಿ

ಸೆಪ್ಟೆಂಬರ್ 2, ಸೋಮವಾರ

ಇವತ್ತು ನನ್ನನ್ನು ಕೌಂಟರಿನಿಂದ ಎಬ್ಬಿಸಿದರು. ಕಾರಣ ಯಾರೂ ಹೇಳಲಿಲ್ಲ, ಆದರೆ ನನಗೆ ಗೊತ್ತು. ಬೆಳಿಗ್ಗೆ ಒಬ್ಬ ಅಜ್ಜಿ ಗಾಜಿನ ಆಚೆಯಿಂದ ಮತ್ತೆ ಮತ್ತೆ "ಏನಂದೆ?" ಎಂದು ಕೇಳಿ ಸಾಕಾಗಿ, ಪಕ್ಕದ ಕೌಂಟರಿಗೆ ಹೋಗಿ, "ಆ ಹುಡುಗಿಗೆ ಬಾಯಿ ಆಡುತ್ತೆ, ದನಿ ಬರಲ್ಲ. ರಿಪೇರಿಗೆ ಕೊಡಿ," ಎಂದಳು.

ವಿಟ್ಟರ್‌ಲಾಂಡ್ ಉಳಿತಾಯ ಬ್ಯಾಂಕಿಗೆ ನಾನು ಸೇರಿದ್ದು ಜೂನ್‌ನಲ್ಲಿ. ನವೆಂಬರ್ ಕೊನೆಗೆ ಪ್ರೊಬೇಷನ್ನು ಮುಗಿಯುತ್ತದೆ. ಸಾಹಿತ್ಯ ಓದಿದವಳಿಗೆ ಈ ಕಡಲಂಚಿನಲ್ಲಿ ಎರಡೇ ಕೆಲಸ: ಈ ಬ್ಯಾಂಕು, ಇಲ್ಲವೇ ಬೇಸಿಗೆಯಲ್ಲಿ ಪ್ರವಾಸಿಗರಿಗೆ ಐಸ್‌ಕ್ರೀಂ ಮಾರುವುದು. ಐಸ್‌ಕ್ರೀಮಿಗೆ ಇನ್ನೂ ಹೆಚ್ಚು ಮಾತಾಡಬೇಕು. ಹಳೆಯ ಪತ್ರಗಳಲ್ಲಿನ ಮೌನದ ಬಗ್ಗೆ ನಾನು ಪ್ರಬಂಧ ಬರೆದಿದ್ದೆ. ಸಂದರ್ಶನದ ದಿನ ನಮ್ಮ ಶಾಖೆಯ ಮ್ಯಾನೇಜರ್ ಉಕೇನಾ ಮೇಡಂ ಅದನ್ನು ಕೈಯಲ್ಲಿ ತೂಗಿ ನೋಡಿ, "ಮೌನದ ಬಗ್ಗೆ ಇಷ್ಟೊಂದು ಮಾತಾ?" ಎಂದಿದ್ದರು.

ಈಗ ಅವರು ಹೊಸ ಕೆಲಸ ಕೊಟ್ಟಿದ್ದಾರೆ. ವಿಟ್ಟರ್‌ಸೀಲ್ ಹಳ್ಳಿಯಲ್ಲಿ 'ಹಳೇ ತೂಬು' ಎಂಬ ಪಬ್ಬಿದೆ. ಅದರ ಗೋಡೆಗೆ ನಮ್ಮ ಬ್ಯಾಂಕಿನ ಕಬ್ಬಿಣದ ಪೆಟ್ಟಿಗೆಯೊಂದನ್ನು ಬಡಿದಿದ್ದಾರೆ. ಅದರಲ್ಲಿ ಸಾಲಾಗಿ ಸೀಳುಗಂಡಿಗಳು, ಒಬ್ಬೊಬ್ಬರಿಗೆ ಒಂದೊಂದು ನಂಬರು. ಶುಕ್ರವಾರ ಶುಕ್ರವಾರ ಬಿಯರ್ ಕುಡಿಯುವ ಮುಂಚೆ ಒಂದಿಷ್ಟು ಚಿಲ್ಲರೆ ಒಳಗೆ. ನವೆಂಬರ್ ಕೊನೆಗೆ ಪೆಟ್ಟಿಗೆ ತೆರೆದು ಅವರವರ ದುಡ್ಡು ಅವರವರಿಗೆ, ಜೊತೆಗೆ ಎಲ್ಲರಿಗೂ ಊಟ.

"ಇಪ್ಪತ್ತು ಜನ ಇಲ್ಲದ ಪೆಟ್ಟಿಗೆಗಳನ್ನೆಲ್ಲ ವರ್ಷದ ಕೊನೆಗೆ ವಾಪಸ್ ತರಿಸಬೇಕು ಅಂತ ಆಡಳಿತ ಮಂಡಳಿ ತೀರ್ಮಾನ ಮಾಡಿದೆ," ಎಂದರು ಮೇಡಂ. "ಅಲ್ಲಿ ಉಳಿದಿರೋದು ಹದಿಮೂರು. ಹೋಗಿ ಹೇಳಿ ಬಾ."

"ಪತ್ರ ಬರೆದರೆ..."

"ಎಪ್ಪತ್ತೈದು ವರ್ಷದ ಪರಿಚಯದವರಿಗೆ ಪತ್ರ ಕಳಿಸ್ತಾರಾ? ಮುಖ ನೋಡಿ ಹೇಳಬೇಕು, ಫೆನ್ನಾ. ನಿನಗೂ ಸ್ವಲ್ಪ ಬಾಯಿ ಬರುತ್ತೆ. ಇದೊಂದು ಸರಿಯಾಗಿ ಮಾಡಿದರೆ ಪ್ರೊಬೇಷನ್ ಕಾಗದಕ್ಕೆ ಸಹಿ ಹಾಕೋಕೆ ನನಗೂ ಒಂದು ಕಾರಣ ಸಿಗುತ್ತೆ."

ನಾನು ತಲೆ ಆಡಿಸಿದೆ.

ಸೆಪ್ಟೆಂಬರ್ 6, ಶುಕ್ರವಾರ

ಕಡಲನ್ನು ತಡೆಯುವ ಏರಿಯ ಮೇಲೆ ಸೈಕಲ್ ತುಳಿಯುತ್ತ ದಾರಿಯುದ್ದಕ್ಕೂ ವಾಕ್ಯ ಅಭ್ಯಾಸ ಮಾಡಿದೆ. "ಕ್ಷಮಿಸಿ, ಪೆಟ್ಟಿಗೆಯನ್ನು ಬ್ಯಾಂಕು ವಾಪಸ್ ತೆಗೆದುಕೊಳ್ಳುತ್ತಿದೆ." ಕುರಿಗಳು ಗಂಭೀರವಾಗಿ ಕೇಳಿಸಿಕೊಂಡವು. ಒಂದು ಕುರಿಗೆ ಬೇಜಾರಾದಂತೆ ಕಂಡಿತು.

ಪಬ್ಬಿನ ಬಾಗಿಲು ತೆರೆದು "ಮೊಯ್ನ್" ಎಂದು ನಮಸ್ಕಾರ ಹೇಳಿದೆ. ಕೇಳಿಸಿತೋ ಇಲ್ಲವೋ. ಆದರೆ ಕೋಟಿನ ಮೇಲಿದ್ದ ಬ್ಯಾಂಕಿನ ಬಿಲ್ಲೆಯನ್ನು ಎಲ್ಲರೂ ನೋಡಿದರು. ಪೆಟ್ಟಿಗೆಯ ಪಕ್ಕದ ಮೇಜಿನಿಂದ ಉದ್ದನೆಯ ಮುದುಕರೊಬ್ಬರು ಎದ್ದರು. ಹಾಬೋ ರೀಕನ್, ಪೆಟ್ಟಿಗೆ ಸಂಘದ ಮುಖ್ಯಸ್ಥರು. ಮೊದಲು ಕಡಲ ತೂಬಿನ ಕಾವಲುಗಾರರಾಗಿದ್ದವರು. ನೀರು ಏರುವುದನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣು, ಯಾವುದಕ್ಕೂ ಬೆಚ್ಚುವುದಿಲ್ಲ.

"ನೋಡ್ರಪ್ಪ," ಎಂದರು. "ಬ್ಯಾಂಕಿನೋರು ಮರೆತಿಲ್ಲ. ನಾನ್ ಹೇಳ್ಲಿಲ್ವಾ, ಮರೆಯಲ್ಲ ಅಂತ?"

ಪಬ್ಬಿನ ಒಡತಿ ಗೇಶೆ ಕೈ ಒರೆಸಿಕೊಳ್ಳುತ್ತ ಬಂದಳು. "ಎಪ್ಪತ್ತೈದನೇ ವರ್ಷಕ್ಕೆ ತಾನೇ ಬಂದಿದ್ದು ನೀನು?"

ಆಗ ಅರ್ಥವಾಯಿತು. ನಮ್ಮ ಕಡೆ ಹಾಡುವ ಸಂಘವಿರಲಿ, ಬೆಂಕಿ ಆರಿಸುವ ದಳವಿರಲಿ, ಪಾರಿವಾಳ ಸಾಕುವವರ ಸಂಘವೇ ಇರಲಿ, ವರ್ಷ ತುಂಬಿದರೆ ಉಳಿತಾಯ ಬ್ಯಾಂಕಿನಿಂದ ಒಬ್ಬರು ಬರಲೇಬೇಕು. ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು, ಒಂದು ಭಾಷಣ, ಪತ್ರಿಕೆಯಲ್ಲೊಂದು ಫೋಟೊ. ಬರುತ್ತಾರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಯಾವಾಗ ಬರುತ್ತಾರೆ ಎಂದಷ್ಟೇ ಕಾಯುತ್ತಾರೆ. ಇವರು ಜನವರಿಯಿಂದ ಕಾಯುತ್ತಿದ್ದರು.

ಹದಿಮೂರು ಮುಖಗಳು ನನ್ನ ಕಡೆ ತಿರುಗಿದ್ದವು. ನಾನು ತಲೆ ಆಡಿಸಿದೆ.

ಎಲ್ಲರೂ ಖುಷಿಗೆ ಗೆಣ್ಣುಗಳಿಂದ ಮೇಜು ಬಡಿದರು. ಒಂದು ಪುಟ್ಟ ಲೋಟ ಸಾರಾಯಿ ನನ್ನ ಕೈಗೆ ಬಂತು. "ನವೆಂಬರ್ ಮೂವತ್ತಕ್ಕೆ ಊಟ, ಸಮಾರಂಭ, ಎಲ್ಲ ಒಟ್ಟಿಗೆ," ಎಂದರು ಹಾಬೋ. "ಬ್ಯಾಂಕಿನ ಭಾಷಣ ನೀನೇ ಮಾಡೋದು ತಾನೇ?"

ಮತ್ತೆ ಆಡಿಸಿದೆ. ಕತ್ತಿಗೆ ಅದೊಂದೇ ಕೆಲಸ ಗೊತ್ತು.

ಸೆಪ್ಟೆಂಬರ್ 9, ಸೋಮವಾರ

"ಹೇಳಿದೆಯಾ?" ಎಂದು ಕೇಳಿದರು ಉಕೇನಾ ಮೇಡಂ.

ಇಲ್ಲ ಎನ್ನಬೇಕಿತ್ತು. ಆದರೆ ಅವರು ಆಗಲೇ ನನಗೆ ಕುರ್ಚಿ ಎಳೆದು ಹಾಕಿದ್ದರು, ಮೂರು ತಿಂಗಳಲ್ಲಿ ಮೊದಲ ಸಲ. ತಲೆ ಆಡಿಸಿದೆ.

"ಹೇಗೆ ತಗೊಂಡರು?"

"ಮೇಜು ಬಡಿದರು."

"ಸಿಟ್ಟಲ್ಲಿ?"

"ಇಲ್ಲ. ಸಾರಾಯಿ ಕೊಟ್ಟರು."

ಮೇಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಕಳೆದ ವರ್ಷ ಇಂಥದೇ ಒಂದು ಪೆಟ್ಟಿಗೆ ತೆಗೆಯೋಕೆ ನಾನೇ ಹೋಗಿದ್ದೆ. ಬೂಟಿನೊಳಗೆ ಯಾರೋ ಬಿಯರ್ ಸುರಿದಿದ್ದರು. ನಿನ್ನಲ್ಲಿ ಏನೋ ಇದೆ, ಫೆನ್ನಾ."

ಈಗ ಎರಡು ಕಡೆ ಹೇಳಬೇಕು. ಅಲ್ಲಿಗೆ ಹೋಗಿ ಪೆಟ್ಟಿಗೆ ಹೋಗುತ್ತದೆ ಎಂದು, ಇಲ್ಲಿಗೆ ಬಂದು ನಾನು ಹೇಳಿರಲಿಲ್ಲ ಎಂದು. ಇದನ್ನು ಬರೆಯುವಾಗ ನಗು ಬರುತ್ತಿದೆ. ನಗುವ ವಿಷಯವೇನೂ ಅಲ್ಲ.

ಸೆಪ್ಟೆಂಬರ್ 13, ಶುಕ್ರವಾರ

ಇವತ್ತು ಖಂಡಿತ ಹೇಳುತ್ತೇನೆಂದು ಸಂಜೆ ಬೇಗ ಹೋದೆ. ಗೇಶೆ ಒಬ್ಬಳೇ ಇದ್ದಾಗ ಹೇಳಿದರೆ ಅವಳೇ ಉಳಿದವರಿಗೆ ಹೇಳುತ್ತಾಳೆ ಎಂಬುದು ಯೋಜನೆ. ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟಳು. ಕಲ್ಲುಸಕ್ಕರೆ ಬಟ್ಟಲಲ್ಲಿ ಚಟಪಟ ಬಿರಿಯಿತು, ಮೇಲೆ ಕೆನೆ ಮೋಡದ ಹಾಗೆ ಅರಳಿತು. ಅವಳು ತನ್ನ ನಾಯಿ ಬೂಮ್ಮೆಲ್‌ನ ಬಗ್ಗೆ ಮಾತಾಡಿದಳು. ಮೂರನೇ ಬಟ್ಟಲು ಮುಗಿಯುವ ಹೊತ್ತಿಗೆ ಹಾಬೋ ಬಂದರು.

"ರೀಕನ್ ಅವರೇ, ನಾನೊಂದು ವಿಷಯ..."

"ಇಲ್ಲಿ 'ಅವರೇ' ಗಿವರೇ ಇಲ್ಲ. ಹಾಬೋ ಅನ್ನು."

"ಹಾಬೋ, ಈ ಪೆಟ್ಟಿಗೆ ವಿಷಯ..."

"ಅದೇ ನಾನೂ ಹೇಳೋಕೆ ಬಂದೆ. ಪೆಟ್ಟಿಗೇಲಿ ಕಾಸು ಹಾಕದೋರು ಪೆಟ್ಟಿಗೆ ಬಗ್ಗೆ ಭಾಷಣ ಮಾಡೋಹಾಗಿಲ್ಲ. ಸಂಘದ ಕಟ್ಟಳೆ. ತಗೋ, ಇದು ನಿನ್ನ ಗಂಡಿ."

ಹೀಗೆ ಪೆಟ್ಟಿಗೆ ಮುಚ್ಚಿಸಲು ಹೋದವಳು ಪೆಟ್ಟಿಗೆಯ ಸದಸ್ಯಳಾಗಿ ಬಂದೆ. ನನ್ನನ್ನು ಎಲ್ಲರೂ 'ಬ್ಯಾಂಕಮ್ಮ' ಎಂದು ಕರೆಯುತ್ತಿದ್ದಾರೆ.

ಮನೆಗೆ ವಾಪಸು ಬರುವಾಗ ಏರಿಯ ಮೇಲೆ ಥಟ್ಟನೆ ಹೊಳೆಯಿತು: ಹದಿಮೂರು ಹದಿನಾಲ್ಕಾಯಿತಲ್ಲ! ಇನ್ನು ಆರು ಜನ ಸೇರಿದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಎದುರುಗಾಳಿಯಿತ್ತು, ಆದರೂ ಸೈಕಲ್ಲು ತಾನೇ ಓಡಿದಂತಿತ್ತು. ಕುರಿಗಳಿಗೆ ಕೈ ಬೀಸಿದೆ.

ಸೆಪ್ಟೆಂಬರ್ 24, ಮಂಗಳವಾರ

ಹೊಸಬರನ್ನು ಸೇರಿಸಬೇಕೆಂದರೆ ಹೊಸಬರ ಜೊತೆ ಮಾತಾಡಬೇಕು. ಇದು ನನಗೆ ಮೊದಲೇ ಹೊಳೆಯಲಿಲ್ಲ.

ಹಳ್ಳಿಗೆ ಹೊಸದಾಗಿ ಬಂದ ಪಶುವೈದ್ಯ ಟ್ಯಾರ್ಕ್ ಓಂಕನ್ ಯಾವ ಸಂಘದಲ್ಲೂ ಇಲ್ಲ. ಆದರೆ ಸುಮ್ಮನೆ ಹೋಗಿ ಬಾಗಿಲು ತಟ್ಟುವುದು ಹೇಗೆ? ಗೇಶೆಯ ಬೂಮ್ಮೆಲ್ಲನ್ನು ಕೇಳಿ ಪಡೆದು, ಅವನನ್ನು ಕರೆದುಕೊಂಡು ಹೋದೆ.

"ಏನಾಗಿದೆ ಇವನಿಗೆ?"

"ಸ್ವಲ್ಪ... ಮಂಕು."

ಬೂಮ್ಮೆಲ್ ಅಷ್ಟರಲ್ಲಿ ವೈದ್ಯರ ಒಂದು ಕೈಗವಸನ್ನು ತಿಂದು ಮುಗಿಸಿದ್ದ. ವೈದ್ಯರು ಹಲ್ಲು, ಕಿವಿ, ಹೊಟ್ಟೆ ಎಲ್ಲ ನೋಡಿದರು. ಎಲ್ಲವೂ ಚೆನ್ನಾಗಿದೆ ಎಂದರು. ನಾನು ಥ್ಯಾಂಕ್ಸ್ ಹೇಳಿ ಬಂದೆ.

ಅಕ್ಟೋಬರ್ 1, ಮಂಗಳವಾರ

ನಾಯಿಯನ್ನು ಮತ್ತೆ ಕರೆದುಕೊಂಡು ಹೋದೆ. ಮತ್ತೆ ಏನೂ ಇಲ್ಲವಂತೆ.

ಅಕ್ಟೋಬರ್ 4, ಶುಕ್ರವಾರ

"ನೋಡು," ಎಂದರು ವೈದ್ಯರು, ಬೂಮ್ಮೆಲ್‌ನ ಎದುರು ನೆಲದ ಮೇಲೇ ಕೂತು. "ಈ ಜಿಲ್ಲೆಯಲ್ಲಿ ಇವನಷ್ಟು ಆರೋಗ್ಯವಾಗಿರೋ ಪ್ರಾಣಿ ಇನ್ನೊಂದಿಲ್ಲ. ನನಗಿಂತ ಗಟ್ಟಿಯಾಗಿದ್ದಾನೆ. ನಿನಗೆ ನಿಜವಾಗಿ ಏನು ಬೇಕು?"

"ನೀವು ನಮ್ಮ ಪೆಟ್ಟಿಗೆಗೆ ಸೇರಬೇಕು," ಎಂದೆ.

ಅವರು ಬಹಳ ಹೊತ್ತು ನಕ್ಕರು. ಬೂಮ್ಮೆಲ್ಲೂ ಬಾಲ ಬಡಿದ. ನನ್ನ ಕಿವಿ ಬೆಂಕಿಯಾಯಿತು. ಆಮೇಲೆ ಕೋಟು ಹಾಕಿಕೊಂಡು, "ಇವತ್ತು ಶುಕ್ರವಾರ ಅಲ್ವಾ? ನಡಿ," ಎಂದರು.

ಹದಿನೈದು.

ಅಕ್ಟೋಬರ್ 11, ಶುಕ್ರವಾರ

ನೆಮ್ಮದಿಯ ದಿನ. ಇವತ್ತು ಯಾರ ಜೊತೆಗೂ ಮಾತಾಡಲಿಲ್ಲ. ಬೇಕರಿಯ ಅಕ್ಕತಂಗಿ ಟೇಡಾ, ಹಿಲ್ಕೆ, ಅಲ್ಲಿ ಬ್ರೆಡ್ಡಿಗೆ ನಿಂತಿದ್ದ ಪಾದ್ರಿ, ದಾರಿಯಲ್ಲಿ ಸಿಕ್ಕ ಅಂಚೆಯ ಓಕೋ, ಇಷ್ಟೇ ಜನ.

ಟೇಡಾಗೆ ಸೇರಲು ಇಷ್ಟವಿರಲಿಲ್ಲ. "ದುಡ್ಡು ಇಡೋಕೆ ನಮ್ಮ ಹಾಸಿಗೆ ಇದೆ," ಎಂದಳು. ಹಾಸಿಗೆ ಶುಕ್ರವಾರ ಶುಕ್ರವಾರ ಜೋಕು ಹೇಳುವುದಿಲ್ಲ ಎಂದೆ. ಅದು ಬಾಯಿಗೆ ಹೇಗೆ ಬಂತೋ. ಹಿಲ್ಕೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು, ಮೂಗೆಲ್ಲ ಬಿಳಿ. ಅಕ್ಕತಂಗಿ ಇಬ್ಬರೂ ಸೇರಿದರು. ಪಾದ್ರಿ, "ಚರ್ಚಿನ ಹುಂಡಿಗೆ ಸ್ಪರ್ಧೆ ಕೊಡ್ತೀಯಾ?" ಎಂದು ಹುಬ್ಬು ಗಂಟಿಕ್ಕಿ, ಆಮೇಲೆ ತನಗೊಂದು ಗಂಡಿ ಹಿಡಿದಿಡಲು ಹೇಳಿ ಹೋದರು. ಓಕೋನನ್ನು ನಾನು ಕೇಳಲೂ ಇಲ್ಲ. "ಬ್ಯಾಂಕಮ್ಮ ಎಲ್ಲರನ್ನೂ ಕೇಳ್ತಾಳೆ, ನನ್ನೊಬ್ಬನ್ನ ಬಿಟ್ಟು," ಎಂದು ಸೈಕಲ್ಲಿನಿಂದಲೇ ದೂರಿದ.

ಹತ್ತೊಂಬತ್ತು. ಇನ್ನು ಒಬ್ಬರು.

ಈ ಸಂಕೋಚದ ಸ್ವಭಾವ ಯಾವಾಗ ಹೋಗುತ್ತದೋ.

ಅಕ್ಟೋಬರ್ 30, ಬುಧವಾರ

ಕಾಲು ಬಿದ್ದುಹೋಗುವಷ್ಟು ನೋವು. ಉಳಿತಾಯದ ದಿನ.

ಬೆಳಿಗ್ಗೆಯಿಂದ ಬ್ಯಾಂಕಿನ ತುಂಬ ಮಕ್ಕಳು, ಕಾಸು ಕೂಡಿಡುವ ಮಣ್ಣಿನ ಹಂದಿಗಳು, ತಗಡಿನ ಡಬ್ಬಿಗಳು. ಕಾಸು ಎಣಿಸುವ ಯಂತ್ರ ಜಲ್ಲಿ ಸುರಿದ ಹಾಗೆ ಸದ್ದು ಮಾಡುತ್ತಿತ್ತು. ಒಬ್ಬ ಪುಟ್ಟ ಹುಡುಗಿ ತನ್ನ ಹಂದಿಯನ್ನು ಒಡೆಯಬಾರದೆಂದು ಹಟ ಹಿಡಿದು, ಅದರ ಹೊಟ್ಟೆಯಿಂದ ಚಾಕುವಿನಲ್ಲಿ ಒಂದೊಂದೇ ಕಾಸು ಜಾರಿಸಿ ತೆಗೆಯುವವರೆಗೂ ಇಡೀ ಸಾಲು ಕಾಯಿತು. ಬರುವ ಮಕ್ಕಳಿಗೆಲ್ಲ ಒಂದೊಂದು ಉಡುಗೊರೆ. ಈ ವರ್ಷ ಬಟ್ಟೆಯ ಕಡಲಹಕ್ಕಿ.

ಹತ್ತು ಗಂಟೆಗೆ ಬಾಗಿಲಲ್ಲಿ ಹಾಬೋ. ಭಾನುವಾರದ ಕೋಟು, ಬಾಚಿದ ಕೂದಲು.

"ನಿಮ್ಮ ಬ್ಯಾಂಕಿನ ದೊಡ್ಡಮ್ಮ ಎಲ್ಲಿ? ಊಟಕ್ಕೆ ಕರೆಯೋಕೆ ಬಂದೆ. ಇಂಥದ್ದಕ್ಕೆಲ್ಲ ಫೋನು ಮಾಡಬಾರದು."

ಉಕೇನಾ ಮೇಡಂ ನಾಲ್ಕು ಹೆಜ್ಜೆ ಆಚೆ ನಿಂತಿದ್ದರು. ಹಾಬೋನ ತೋಳು ಹಿಡಿದು ಉಡುಗೊರೆಯ ಮೇಜಿನ ಹಿಂದೆ ನಿಲ್ಲಿಸಿ, "ಒಂದು ನಿಮಿಷ ಈ ಹಕ್ಕಿಗಳನ್ನು ಹಂಚ್ತೀರಾ?" ಎಂದೆ. ಅಜ್ಜ ಸುಮ್ಮನೆ ಹಂಚಿದರೆ ತಾನೇ? ಒಬ್ಬೊಬ್ಬ ಮಗುವಿಗೂ ಹಕ್ಕಿ ಎಲ್ಲಿಂದ ಹಾರಿಬಂತು, ದಾರಿಯಲ್ಲಿ ಯಾವ ಹಡಗಿನ ಮೇಲೆ ಪಿಚಕಾರಿ ಹಾರಿಸಿತು ಎಂದು ಕಥೆ. ಮಕ್ಕಳ ಸಾಲು ಬೀದಿಯವರೆಗೆ ಹೋಯಿತು. ಕೆಲವರು ಹಂದಿ ಇಲ್ಲದೆಯೂ ಬಂದು ನಿಂತಿದ್ದರು.

"ಯಾರು ಆ ಹಿರಿಯರು?" ಎಂದರು ಮೇಡಂ.

"ವಿಟ್ಟರ್‌ಸೀಲಿನವರು. ಪೆಟ್ಟಿಗೆಯ..."

ಮುಗಿಸುವ ಮೊದಲೇ ಮೇಡಂ ಅವರ ಕಡೆ ನಡೆದಿದ್ದರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ.

"ಮುಂದಿನ ತಿಂಗಳು ಮೂವತ್ತಕ್ಕೆ ನೀವು ಬರಲೇಬೇಕು," ಎಂದರು ಹಾಬೋ. "ಸೊಪ್ಪು, ಸಾಸೇಜು, ಎಲ್ಲ ಇರುತ್ತೆ."

"ಇಂಥ ದಿನಕ್ಕೂ ನಮ್ಮನ್ನು ಕರೀತಿದ್ದೀರಲ್ಲ," ಎಂದರು ಮೇಡಂ. ದನಿ ಒದ್ದೆಯಾಗಿತ್ತು. "ದೊಡ್ಡ ಮನಸ್ಸು ನಿಮ್ಮದು."

"ನಿಮ್ಮನ್ನ ಬಿಟ್ಟು ಮಾಡೋಕಾಗುತ್ತಾ?"

ಇಬ್ಬರೂ ಬಹಳ ಹೊತ್ತು ಕೈ ಕುಲುಕಿದರು. ಮೇಡಂ ಪೆಟ್ಟಿಗೆಯ ಬೀಳ್ಕೊಡುಗೆಗೆ ಹೋಗುತ್ತಿದ್ದಾರೆ. ಹಾಬೋ ಅದರ ಹಬ್ಬಕ್ಕೆ ಕರೆದಿದ್ದಾರೆ. ಕಂಬದ ಹಿಂದೆ ನನಗೆ ನಗು ತಡೆಯಲಾಗದೆ ಒಂದು ಕಡಲಹಕ್ಕಿಯನ್ನು ಬಾಯಿಗೆ ಒತ್ತಿಕೊಂಡೆ.

ನವೆಂಬರ್ 15, ಶುಕ್ರವಾರ

ಇಪ್ಪತ್ತನೆಯವರು ಸಿಗುತ್ತಿಲ್ಲ. ಹಳ್ಳಿಯಲ್ಲಿ ಉಳಿದವರು ಇನ್ನೂ ತೊಟ್ಟಿಲಲ್ಲಿದ್ದಾರೆ, ಇಲ್ಲವೇ ಪಕ್ಕದ ಹಳ್ಳಿಯ ಪಬ್ಬಿಗೆ ನಿಷ್ಠರು. ಹಸು ಸಾಕುವ ಮೆನ್ನೊ ಒಬ್ಬ ಬಾಕಿ. ಹಿಂದೊಮ್ಮೆ ಹಾಬೋ ತೂಬು ತಡವಾಗಿ ಮುಚ್ಚಿ ಮೆನ್ನೊನ ಹುಲ್ಲುಗಾವಲಿಗೆ ನೀರು ನುಗ್ಗಿತ್ತಂತೆ. ಅಂದಿನಿಂದ ಅವನು ಪಬ್ಬಿನ ಹೊಸಿಲು ತುಳಿದಿಲ್ಲ.

ಕಾಲುವೆಯ ಆ ದಡದಲ್ಲಿ ಬೇಲಿ ಸರಿಮಾಡುತ್ತಿದ್ದ. ನಾನು ಈ ದಡದಲ್ಲಿದ್ದೆ. ಗಾಳಿಯಿತ್ತು.

"ಬರಲ್ಲ," ಎಂದು ಕೂಗಿದ, ನಾನು ಬಾಯಿ ತೆರೆಯುವ ಮೊದಲೇ.

"ನಾನಿನ್ನೂ ಕೇಳೇ ಇಲ್ಲ," ಎಂದು ನಾನೂ ಕೂಗಿದೆ.

"ಊರೆಲ್ಲ ಕೇಳಿದ್ದೀಯ. ನಂಗೊತ್ತು. ಹಾಬೋ ಸಾಯ್ಲಿ, ಮಾರನೇ ದಿನ ಸೇರ್ತೀನಿ."

"ನಿಮ್ಮ ಹುಲ್ಲು ಆಮೇಲೆ ಬೆಳೀತೋ ಇಲ್ವೋ?"

"ಬೆಳೀತು."

"ಹಸು ತಿಂತೋ ಇಲ್ವೋ?"

"ತಿಂತು. ಉಪ್ಪುಪ್ಪಾಗಿತ್ತು ಅಂತು."

ಹೀಗೇ ಕತ್ತಲಾಗುವವರೆಗೂ ನಡೆಯಿತು. ಸೇರಲಿಲ್ಲ. ಹೊರಟಾಗ, "ನಾಳೇನೂ ಬಾ," ಎಂದ. "ಜಗಳ ಆಡೋಕೆ ಜನವೇ ಇಲ್ಲ ಈಗ."

ಸಭ್ಯವಾಗಿಯೇ ಮಾತಾಡಿದೆ ಅನಿಸುತ್ತದೆ.

ನವೆಂಬರ್ 29, ಶುಕ್ರವಾರ

ನಾಳೆ.

ಟ್ಯಾರ್ಕ್‌ಗೆ ಎಲ್ಲ ಹೇಳಿಬಿಟ್ಟೆ. ವೈದ್ಯರ ಕೊಟ್ಟಿಗೆಯಲ್ಲಿ, ಒಂದು ಕುಂಟು ಕುರಿಯ ಕಾಲು ಹಿಡಿದುಕೊಂಡು. ಅವರು ಬ್ಯಾಂಡೇಜು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಹತ್ತೊಂಬತ್ತೇ?" ಎಂದರು.

"ಹತ್ತೊಂಬತ್ತೇ."

"ಹಾಗಾದ್ರೆ ಹೇಳ್ಬೇಕು ನೀನು."

"ಊಟ ಆದ್ಮೇಲೆ ಹೇಳ್ತೀನಿ. ಎಲ್ಲರೂ ಖುಷಿಯಾಗಿ ಇರ್ತಾರೆ."

"ಊಟಕ್ಕೆ ಮುಂಚೆ ಹೇಳು. ಉಣ್ಣಿಸಿ ಹೇಳಿದ್ರೆ ಮೋಸ ಅನ್ಸುತ್ತೆ." ಗಂಟು ಹಾಕಿ ಕುರಿಯನ್ನು ಬಿಟ್ಟರು. "ನಾನು ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಮಾತಾಡೋದು ಮಾತ್ರ ನೀನೇ."

ಪೆಟ್ಟಿಗೆಯೂ ಹೋಗಿ, ಕೆಲಸವೂ ಹೋಗಿ, ಗೇಶೆಯ ಅಡುಗೆಮನೆಯೂ ಹೋದರೆ? ಕೊನೆಯದನ್ನು ಯೋಚಿಸಲಾಗುತ್ತಿಲ್ಲ.

ನವೆಂಬರ್ 30, ಶನಿವಾರ

ಇವತ್ತು ಅಕ್ಷರ ಸೊಟ್ಟ.

ಮಧ್ಯಾಹ್ನದ ಊಟ. ಪಬ್ಬಿನ ಕಿಟಕಿಗಳು ಸೊಪ್ಪಿನ ಹಬೆಗೆ ಬೆವತಿದ್ದವು. ಹಾಬೋ ಭಾನುವಾರದ ಕೋಟಿನ ಮೇಲೆ ಹಳೆಯ ತೂಬುಗಾವಲಿನ ಟೋಪಿ ಹಾಕಿದ್ದರು. ಉಕೇನಾ ಮೇಡಂ ಕಪ್ಪು ಉಡುಪಿನಲ್ಲಿ ಬಿಳಿ ಹೂ ಹಿಡಿದು ಬಂದು, ಪೆಟ್ಟಿಗೆಯ ಕೆಳಗೆ ಹೂವಿಟ್ಟು, ಒಂದು ಕ್ಷಣ ತಲೆ ಬಗ್ಗಿಸಿ ನಿಂತರು.

"ಯಾರು ಹೋಗ್ಬಿಟ್ರು?" ಎಂದು ಗೇಶೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ತಟ್ಟೆಗಳು ಬಂದವು. ಹಾಬೋ ಲೋಟಕ್ಕೆ ಚಮಚ ಬಡಿದರು. "ಬ್ಯಾಂಕಮ್ಮ ಎರಡು ಮಾತಾಡ್ತಾಳೆ. ಆಮೇಲೆ ತಿನ್ನೋಣ."

ಎದ್ದು ನಿಂತೆ. ಒಂದು ಕಡೆಯಿಂದ ಹಾಬೋ, ಇನ್ನೊಂದು ಕಡೆಯಿಂದ ಮೇಡಂ, ಇಬ್ಬರೂ ಒಂದೇ ಥರ ಹೆಮ್ಮೆಯಿಂದ ನನ್ನನ್ನು ನೋಡುತ್ತಿದ್ದರು. ಬರೆದು ತಂದಿದ್ದ ಭಾಷಣ ಜೇಬಿನಲ್ಲೇ ಇತ್ತು. ಅದು ಇವರಿಬ್ಬರಲ್ಲಿ ಯಾರಿಗೂ ಅಲ್ಲವೆನಿಸಿತು.

"ಈ ಪೆಟ್ಟಿಗೆ ವಾಪಸ್ ಹೋಗುತ್ತೆ ಅಂತ ಹೇಳೋಕೆ ನನ್ನನ್ನು ಸೆಪ್ಟೆಂಬರಲ್ಲಿ ಕಳಿಸಿದ್ರು," ಎಂದೆ. "ಇಪ್ಪತ್ತು ಜನ ಇಲ್ಲ ಅಂತ. ನೀವು ಹಬ್ಬಕ್ಕೆ ಬಂದೆ ಅಂದ್ಕೊಂಡ್ರಿ, ನಾನು ಹೂಂ ಅಂದೆ. ಮೇಡಂ ಹೇಳಿದೆಯಾ ಅಂದ್ರು, ಅದಕ್ಕೂ ಹೂಂ ಅಂದೆ. ಎರಡೂ ಸುಳ್ಳು. ಚೆಕ್ಕೂ ಇಲ್ಲ. ಇಪ್ಪತ್ತು ಮಾಡಿಬಿಟ್ರೆ ಯಾರಿಗೂ ಏನೂ ಹೇಳೋದು ಬೇಡ ಅಂತ ಓಡಾಡಿದೆ. ಹತ್ತೊಂಬತ್ತಾಯ್ತು. ಅಷ್ಟೇ."

ಹಾಬೋ ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಮೆನ್ನೊ ಹತ್ರ ಹೋಗಿದ್ಯಾ?"

"ಹೋಗಿದ್ದೆ."

"ಏನಂದ?"

"ನೀವು ಸತ್ತ ಮಾರನೇ ದಿನ ಸೇರ್ತಾನಂತೆ."

ಯಾರೋ ಗೊಳ್ಳೆಂದು ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು. ಹಾಬೋ ನಗಲಿಲ್ಲ.

"ಇಷ್ಟು ಶುಕ್ರವಾರ ನಮ್ಮ ಮೇಜಲ್ಲೇ ಕೂತಿದ್ದೆ, ಮಗಳೇ. ನಂಗೆ ಬೇಜಾರಾಗಿದೆ." ಟೋಪಿಯನ್ನು ಮತ್ತೆ ತಲೆಗಿಟ್ಟರು. "ಅದನ್ನ ನಾಳೆ ಮಾಡ್ಕೋತೀನಿ. ಇವತ್ತು ಪೆಟ್ಟಿಗೆ."

ಉಕೇನಾ ಮೇಡಂ ಕೊರಳಿನಿಂದ ಹಣೆಯವರೆಗೆ ಕೆಂಪಾಗಿದ್ದರು. "ಕ್ಷಮಿಸಿ, ನೀವು ಬೀಳ್ಕೊಡುಗೆಗೆ ಕರೆದಿರಿ ಅಂತ ನಾನು..."

"ಬೀಳ್ಕೊಡುಗೆಗೆ ಯಾರಾದ್ರೂ ಇಷ್ಟು ಸಾಸೇಜು ಬೇಯಿಸ್ತಾರಾ?" ಎಂದಳು ಗೇಶೆ.

"ಹತ್ತೊಂಬತ್ತು ಅಂದ್ರೆ ಒಬ್ಬರು ತಾನೇ ಕಮ್ಮಿ?" ಎಂದಳು ಟೇಡಾ. "ನೀವೇ ಸೇರಿ, ಮೇಡಂ."

"ಬ್ಯಾಂಕಿನವರು ಲೆಕ್ಕಕ್ಕೆ ಬರಲ್ಲ." ಮೇಡಂ ನನ್ನ ಕಡೆ ನೋಡಿದರು. "ಹಾಗೆ ನೋಡಿದರೆ ನೀವು ಹದಿನೆಂಟು."

"ಇವರು ಬಂದಾಗಿಂದ ನಾವು ಕಮ್ಮಿ ಆಗ್ತಾನೇ ಇದೀವಿ," ಎಂದ ಓಕೋ.

ಆಗ ನಾನು ಮತ್ತೆ ಮಾತಾಡಿದೆ. ಯಾರೂ ಕೇಳಿರಲಿಲ್ಲ. ಕೂತುಕೊಳ್ಳುವುದು ಮರೆತುಹೋಗಿ ಇನ್ನೂ ನಿಂತೇ ಇದ್ದೆ.

"ಮೇಡಂ, ನಾನು ಸೇರಿದ ದಿನ ನೀವು ಒಂದು ಪ್ರಶ್ನೆ ಕೇಳಿದ್ರಿ. ನಮ್ಮ ಬ್ಯಾಂಕಿಗೆ ಷೇರುದಾರರು ಯಾರು ಅಂತ. ನನಗೆ ಗೊತ್ತಾಗ್ಲಿಲ್ಲ. ಯಾರೂ ಇಲ್ಲ ಅಂತ ನೀವೇ ಹೇಳಿದ್ರಿ. ಈ ಬ್ಯಾಂಕು ಜಿಲ್ಲೆಯ ಜನರದ್ದು, ಲಾಭ ಬಂದ್ರೆ ಹಾಡೋರಿಗೆ, ಆಡೋರಿಗೆ, ಬೆಂಕಿ ಆರಿಸೋರಿಗೆ ಹೋಗುತ್ತೆ ಅಂದ್ರಿ. ಜಿಲ್ಲೆಯ ಜನ ಇಲ್ಲೇ ಕೂತಿದ್ದಾರೆ. ಇವರಿಂದ ಕಿತ್ತುಕೊಂಡು ಪೆಟ್ಟಿಗೇನ ಯಾರಿಗೆ ಕೊಡ್ತೀವಿ?"

"ಉಗ್ರಾಣಕ್ಕೆ," ಎಂದರು ಮೇಡಂ. ಅವರು ಯಾವತ್ತೂ ಸುಳ್ಳು ಹೇಳುವುದಿಲ್ಲ.

"ಉಗ್ರಾಣದಲ್ಲಿ ಎಷ್ಟು ಜನ ಸದಸ್ಯರು?" ಎಂದರು ಹಾಬೋ.

ಈ ಸಲ ನಗು ನಿಲ್ಲಲಿಲ್ಲ. ಪಾದ್ರಿ ಕಣ್ಣೊರೆಸಿಕೊಂಡರು. ಮೇಡಂ ಗಂಭೀರವಾಗಿರಲು ಒಂದು ತುತ್ತು ಸೊಪ್ಪು ಬಾಯಿಗಿಟ್ಟುಕೊಂಡರು. ಆಮೇಲೆ ಕೈಯಲ್ಲೇ ತಡೆಯಿರಿ ಎಂದು ಸನ್ನೆ ಮಾಡಿದರು.

"ತಿಂದು ಮುಗಿಸಿ," ಎಂದರು ಹಾಬೋ. "ನಾವು ಕಾಯ್ತೀವಿ."

ಎಲ್ಲರೂ ಮುಳ್ಳುಚಮಚ ಕೆಳಗಿಟ್ಟು ಕೂತರು. ಒಬ್ಬ ಮ್ಯಾನೇಜರ್ ಊಟ ಮಾಡುವುದನ್ನು ಇಡೀ ಪಬ್ಬು ಉಸಿರು ಬಿಗಿಹಿಡಿದು ನೋಡಿತು. ಆಲೂಗಡ್ಡೆ ಮುಗಿಯಿತು. ಸಾಸೇಜು ಮುಗಿಯಿತು. ಮೇಡಂ ತಟ್ಟೆ ಎತ್ತಿ ಗೇಶೆಯ ಕಡೆ ಚಾಚಿ ಇನ್ನೊಂದು ಸಲ ಬಡಿಸಿಕೊಂಡಾಗ ಟ್ಯಾರ್ಕ್ ಮೇಜಿನ ಕೆಳಗೆ ನನ್ನ ಕೈ ಹಿಡಿದರು. ಹೆದರಿಕೆಗೋ ಏನೋ. ನಾನೂ ಬಿಡಲಿಲ್ಲ.

ಕೊನೆಗೆ ಮೇಡಂ ಬಾಯಿ ಒರೆಸಿಕೊಂಡರು. "ಒಂದು ವರ್ಷ. ಮಂಡಳಿಗೆ ನಾನು ಉತ್ತರ ಕೊಡ್ತೀನಿ. ಉತ್ತರ ಏನು ಅಂತ ಗೊತ್ತಿಲ್ಲ. ಆದರೆ ನಮ್ಮ ಉಗ್ರಾಣದಲ್ಲಿ ಜಾಗ ಇಲ್ಲ ಅನ್ನೋದಂತೂ ನಿಜ."

ಮೇಜುಗಳು ಉರುಳುವಷ್ಟು ಬಡಿದರು. ಆ ಗದ್ದಲದಲ್ಲೇ ಮೇಡಂ ನನ್ನ ಕಡೆ ಬಾಗಿ, "ಸೋಮವಾರ ಎಂಟಕ್ಕೆ ನನ್ನ ಕೋಣೆಗೆ," ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ.

ಡಿಸೆಂಬರ್ 2, ಸೋಮವಾರ

"ನೀನು ನನಗೆ ಸುಳ್ಳು ಹೇಳಿದೆ," ಎಂದರು ಮೇಡಂ. "ಅದೂ ಬಾಯಿ ತೆರೆಯದೆ. ನನ್ನನ್ನು ಕಪ್ಪು ಉಡುಪಲ್ಲಿ ನಿಲ್ಲಿಸಿ ಪೆಟ್ಟಿಗೆಗೆ ಹೂವಿಡಿಸಿದೆ."

"ಹೌದು. ತಪ್ಪಾಯ್ತು."

"ನಿನ್ನನ್ನು ಕಾಯಂ ಮಾಡೋಕಾಗಲ್ಲ."

"ಕಾಯಂ ಮಾಡಬೇಡಿ. ಆದರೆ ಶುಕ್ರವಾರದ ಪೆಟ್ಟಿಗೆ ಕೆಲಸ ನನಗೇ ಇರಲಿ. ಸಂಬಳ ಬೇಡ," ಎಂದೆ.

"ಪೂರ್ತಿ ಕೇಳು. ಪ್ರೊಬೇಷನ್ನು ಇನ್ನೂ ಮೂರು ತಿಂಗಳು ಮುಂದಕ್ಕೆ ಹಾಕ್ತಿದ್ದೀನಿ." ಪೆನ್ನು ತೆಗೆದರು. "ಕಾರಣ ಬರೀಬೇಕು."

"ಸುಳ್ಳು ಅಂತ ಬರೀರಿ."

"ಹಾಗೆ ಬರೆದರೆ ಮಂಡಳಿ ನಿನ್ನನ್ನು ಇವತ್ತೇ ಮನೆಗೆ ಕಳಿಸುತ್ತೆ." ಬರೆದು, ಕಾಗದವನ್ನು ನನ್ನ ಕಡೆ ತಿರುಗಿಸಿದರು. 'ಗ್ರಾಹಕರೊಂದಿಗೆ ಅತಿಯಾದ ಮಾತುಕತೆ.'

ಇದು ನನ್ನ ಬಗ್ಗೆ ಅಲ್ಲವೇ ಅಲ್ಲ, ತಿದ್ದಬೇಕು ಎಂದೆ. ಕಾಲು ಗಂಟೆ ವಾದಿಸಿದೆ. ಮೇಡಂ ತಿದ್ದಲಿಲ್ಲ.

ಡಿಸೆಂಬರ್ 6, ಶುಕ್ರವಾರ

ಪೆಟ್ಟಿಗೆಯ ಹೊಸ ವರ್ಷ. ಮೊದಲ ಶುಕ್ರವಾರ ಸಂಘದವರೊಬ್ಬರು ಹಳ್ಳಿಯ ಆ ತುದಿಯಿಂದ ಈ ತುದಿಯವರೆಗೆ ನಡೆದು, ಒಬ್ಬೊಬ್ಬರ ಮನೆಯ ಮುಂದೆ ನಿಂತು ಹೆಸರು ಕೂಗಿ ಪಬ್ಬಿಗೆ ಕರೆತರುವುದು ಇಲ್ಲಿನ ವಾಡಿಕೆ. ಬಾಗಿಲು ತಟ್ಟುವಂತಿಲ್ಲ, ಕೂಗಬೇಕು. ಎಪ್ಪತ್ತೈದು ವರ್ಷದಲ್ಲಿ ಅರ್ಧಕ್ಕೂ ಹೆಚ್ಚು ಸಲ ಹಾಬೋ ಕೂಗಿದ್ದಾರೆ.

ಈ ವಾರವೆಲ್ಲ ಅವರು ನನ್ನ ಜೊತೆ ಮಾತಾಡಿರಲಿಲ್ಲ. ಹೇಳಿದಂತೆ ಬೇಜಾರು ಮಾಡಿಕೊಂಡಿದ್ದರು. ಸಂಜೆ ಪಬ್ಬಿನ ಬಾಗಿಲಲ್ಲಿ ನಿಂತಿದ್ದರು, ನನ್ನನ್ನು ಒಳಗೆ ಬಿಡಲಿಲ್ಲ.

"ಈ ಸಲ ಕೂಗೋದು ನೀನು," ಎಂದರು. "ಅದೇ ನಿನಗೆ ಶಿಕ್ಷೆ. ಒಬ್ಬರಿಗೆ ಕೇಳಿಸದಿದ್ರೂ ವಾಪಸ್ ಹೋಗಿ ಮತ್ತೆ ಕೂಗಬೇಕು. ಮುಗಿದ ಮೇಲೆ ನಂಗೆ ಬೇಜಾರಿಲ್ಲ."

ಏರಿಯ ಕಡೆಯಿಂದ ಜೋರು ಗಾಳಿ. ಎಲ್ಲರನ್ನೂ ಕೂಗಿದೆ. ಟೇಡಾ, ಹಿಲ್ಕೆ ಬೇಕರಿಯ ದೀಪ ಆರಿಸದೆಯೇ ಬಂದರು. ಪಾದ್ರಿ ಬೇಕೆಂದೇ ಎರಡು ಸಲ ಕೂಗಿಸಿಕೊಂಡರು. ಓಕೋ ಕಿಟಕಿಯಿಂದ ತಲೆ ಹಾಕಿ, "ನಾನು ಆಗಲೇ ಎರಡು ಬೀದಿ ಆಚೆಯಿಂದ ಕೇಳಿಸ್ಕೊಂಡೆ, ಸುಮ್ನೆ ಇನ್ನೊಂದ್ಸಲ ಕೂಗಲಿ ಅಂತ ಕಾದೆ," ಎಂದ. ಟ್ಯಾರ್ಕ್ ಮನೆಯ ಮುಂದೆ ನಿಂತಾಗ ಒಂದು ಸಲ ಸಾಕಾಗಿತ್ತು, ಆದರೂ ಮೂರು ಸಲ ಕೂಗಿದೆ. ಅವರು ಮೊದಲ ಕೂಗಿಗೇ ಹೊರಗೆ ಬಂದು ನಿಂತು ಉಳಿದೆರಡನ್ನೂ ಕೇಳಿದರು. ಎಲ್ಲರೂ ನನ್ನ ಹಿಂದೆ ಸಾಲಾಗಿ ನಡೆದರು, ನಾಯಿಗಳೂ ಜೊತೆಗೆ. ಕೊನೆಯಲ್ಲಿ ಹಾಬೋನ ಹೆಸರನ್ನೂ ಕೂಗಬೇಕಿತ್ತು, ಅವರು ಎದುರಿಗೇ ನಿಂತಿದ್ದರೂ. ಕೂಗಿದೆ. "ಬಂದೆ," ಎಂದು ಅಲ್ಲೇ ನಿಂತು ಅಷ್ಟೇ ಜೋರಾಗಿ ಹೇಳಿ ಬಾಗಿಲು ಬಿಟ್ಟುಕೊಟ್ಟರು.

ಆಮೇಲೆ ಮುಚ್ಚುವ ಹೊತ್ತಿನವರೆಗೆ ಅಲ್ಲೇ ಕೂತಿದ್ದೆವು. ಏನೇನು ಮಾತಾಡಿದೆನೋ ನೆನಪಿಲ್ಲ.

ಗಂಟಲು ಬಿರಿದು ಹೋಗಿದೆ, ದನಿ ಹೊರಡುತ್ತಿಲ್ಲ. ಬಹುಶಃ ಶೀತ ಹಿಡಿದಿದೆ.